ಮತ್ತೆ ಕುಡಿದೆ, ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದಾ?

ಪ್ರಶ್ನೆ: ಕುಡಿತ ಬಿಟ್ಟು ನಾಲ್ಕು ತಿಂಗಳಾಗಿತ್ತು. ಹೋದ ವಾರ ಒಂದು ರಾತ್ರಿ ಕುಡಿದುಬಿಟ್ಟೆ. ‘ನಿಮ್ಮ ಮೇಲೆ ನಿಮಗೆ ಸ್ವಲ್ಪ ಕರುಣೆ ಇರಲಿ’ ಅಂತ ಕೌನ್ಸೆಲರ್ ಹೇಳುತ್ತಾರೆ. ಹಾಗೆ ಮಾಡಿದರೆ ನನಗೆ ನಾನೇ ಸಲಿಗೆ ಕೊಟ್ಟ ಹಾಗಾಗಿ ಮತ್ತೆ ಕುಡಿಯೋದಿಲ್ವಾ?

ಉತ್ತರ: ಇಲ್ಲ, ಕರುಣೆ ಅಂದರೆ ಸಲಿಗೆ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಒಬ್ಬರು ಕುಡಿತ ಅಂತಾರೆ, ಇನ್ನೊಬ್ಬರು ಸಿಗರೇಟು, ಮತ್ತೊಬ್ಬರು ನಿದ್ದೆ ಮಾತ್ರೆ ಅಥವಾ ಆನ್‌ಲೈನ್ ಜೂಜು. ಕೇಳೋದು ಮಾತ್ರ ಒಂದೇ. ಅದರ ಹಿಂದಿರುವ ನಂಬಿಕೆಯೂ ಒಂದೇ: ನನ್ನನ್ನು ನಾನು ಬೈದುಕೊಂಡರೇ ನಾನು ನೆಟ್ಟಗಿರೋದು.

ಇವತ್ತು ಈ ನಂಬಿಕೆಯನ್ನು ಸಾವಧಾನವಾಗಿ ಬಿಚ್ಚಿ ನೋಡೋಣ.

ಮೊದಲು ನಿಮ್ಮ ಅನುಭವವನ್ನೇ ಕೇಳಿಕೊಳ್ಳಿ. ಕುಡಿಯುತ್ತಿದ್ದ ವರ್ಷಗಳಲ್ಲಿ ಪ್ರತಿ ಬೆಳಗ್ಗೆ ಎದ್ದು ನಿಮ್ಮನ್ನು ನೀವು ಬೈದುಕೊಂಡಿಲ್ವಾ? ಕನ್ನಡಿ ನೋಡಲು ನಾಚಿಕೆಪಟ್ಟಿಲ್ವಾ? ನಾಚಿಕೆಗೆ ಚಟ ಬಿಡಿಸುವ ಶಕ್ತಿ ಇದ್ದಿದ್ದರೆ ಅದು ಎಂದೋ ಬಿಟ್ಟುಹೋಗಿರಬೇಕಿತ್ತು. ಬೆಳಗ್ಗೆ ಬೈಗುಳ, ಸಂಜೆ ಬಾಟಲಿ. ಎರಡೂ ಜೊತೆಯಲ್ಲೇ ಇದ್ದವು.

ಯಾಕೆ ಹೀಗೆ? ಒಂದು ಲೋಟಕ್ಕೂ ಒಂದು ಬಾಟಲಿಗೂ ನಡುವೆ ಮನಸ್ಸಿನಲ್ಲಿ ಏನು ನಡೆಯುತ್ತದೆ ಅನ್ನೋದನ್ನು ಅಲನ್ ಮಾರ್ಲಾಟ್ ಮತ್ತು ಜುಡಿತ್ ಗಾರ್ಡನ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲೇ ವಿವರಿಸಿದ್ದಾರೆ. ಮೊದಲ ಲೋಟ ಎಡವಿದ್ದು, ಅಷ್ಟೇ. ಆದರೆ ‘ನನ್ನ ಕೈಲಿ ಆಗಲ್ಲ, ನಾನೇ ಸರಿಯಿಲ್ಲ’ ಅಂತ ತೀರ್ಮಾನಿಸಿದ ಕ್ಷಣ, ಇನ್ನು ಕಾಪಾಡಿಕೊಳ್ಳಲು ಏನೂ ಉಳಿದಿಲ್ಲ ಅನ್ನಿಸುತ್ತದೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು ಅಂತಾರಲ್ಲ, ಹಾಗೆ. ಜೊತೆಗೆ ನಾಚಿಕೆ ಅನ್ನೋದು ನೋವು. ನೋವಾದಾಗ ಏನು ಮಾಡಬೇಕು ಅಂತ ಈ ಮನಸ್ಸು ವರ್ಷಗಟ್ಟಲೆ ಒಂದೇ ದಾರಿ ಕಲಿತಿದೆ. ಅದು ಬಾಟಲಿಯ ದಾರಿ.

ಇದು ಬರೀ ವಾದ ಅಲ್ಲ. ಜೆಸ್ಸಿಕಾ ಟ್ರೇಸಿ ಮತ್ತು ಡೇನಿಯಲ್ ರ‍್ಯಾಂಡಲ್ಸ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಹೊಸದಾಗಿ ಕುಡಿತ ಬಿಟ್ಟವರನ್ನು, ಕೊನೆಯ ಸಲ ಕುಡಿದು ಬೇಜಾರಾಗಿದ್ದರ ಬಗ್ಗೆ ಮಾತಾಡಲು ಹೇಳಿ ವಿಡಿಯೊ ಮಾಡಿಕೊಂಡರು. ಯಾರ ಭುಜ ಕುಗ್ಗಿತ್ತು, ಯಾರ ಎದೆ ಒಳಕ್ಕೆ ಎಳೆದುಕೊಂಡಿತ್ತು ಅಂತ ಗುರುತಿಸಿದರು. ಕೆಲವು ತಿಂಗಳ ನಂತರ ವಿಚಾರಿಸಿದಾಗ, ಮೈಯಲ್ಲಿ ನಾಚಿಕೆ ಜಾಸ್ತಿ ಕಂಡವರೇ ಮತ್ತೆ ಕುಡಿದಿರುವ ಸಾಧ್ಯತೆ ಜಾಸ್ತಿ ಇತ್ತು. ಕುಡಿದ ಪ್ರಮಾಣವೂ ಜಾಸ್ತಿ.

‘ಹಾಗಾದರೆ ಮಾಡಿದ್ದು ಸರಿ ಅನ್ನಬೇಕಾ?’ ಅಂತ ಕೂಡಲೇ ಕೇಳುತ್ತಾರೆ. ಬೇಡ. ‘ನಾನು ತಪ್ಪು ಮಾಡಿದೆ’ ಅನ್ನೋದು ಬೇರೆ, ‘ನಾನೇ ಒಂದು ತಪ್ಪು’ ಅನ್ನೋದು ಬೇರೆ. ಮೊದಲನೆಯದು ಕೆಲಸ ಹೇಳುತ್ತದೆ: ಫೋನ್ ಮಾಡು, ಕ್ಷಮೆ ಕೇಳು, ಮುರಿದದ್ದನ್ನು ಸರಿಮಾಡು. ಎರಡನೆಯದು ಮೂಲೆಗೆ ತಳ್ಳುತ್ತದೆ. ಎಡವಿದ ಕಾಲನ್ನೇ ಕಡಿದುಕೊಂಡರೆ ನಡೆಯೋದು ಹೇಗೆ?

ನಿಜ ಹೇಳಬೇಕಂದ್ರೆ ಬೈದುಕೊಳ್ಳೋದೇ ಸುಲಭ. ‘ನಾನು ಕೆಟ್ಟವನು’ ಅಂದಮೇಲೆ ವಿಚಾರಣೆ ಮುಗಿಯಿತು. ಕರುಣೆ ಇದ್ದರೆ ಕೂತು ಕೇಳಬೇಕಾಗುತ್ತದೆ. ಆ ಸಂಜೆ ಹೊಟ್ಟೆ ಹಸಿದಿತ್ತಾ? ಹಿಂದಿನ ರಾತ್ರಿ ನಿದ್ದೆ ಆಗಿತ್ತಾ? ಯಾರ ಮೇಲಾದರೂ ಸಿಟ್ಟಿತ್ತಾ? ಒಬ್ಬನೇ ಇದ್ದೆನಾ? ಹಸಿವು, ಸಿಟ್ಟು, ಒಂಟಿತನ, ದಣಿವು. ಬಿಟ್ಟವರು ಎಷ್ಟೋ ಸಲ ಎಡವುವುದು ಈ ನಾಲ್ಕರಲ್ಲಿ. ಉತ್ತರ ಸಿಕ್ಕರೆ ಮುಂದಿನ ಸಂಜೆಗೆ ದಾರಿ ಸಿಗುತ್ತದೆ.

ಮೈ ನೋಡಿಕೊಳ್ಳೋದೂ ಇದರದ್ದೇ ಭಾಗ. ಹೊತ್ತಿಗೆ ಊಟ, ಹೊತ್ತಿಗೆ ಮಲಗೋದು, ಬರೆದುಕೊಟ್ಟ ಔಷಧಿ ತಪ್ಪಿಸದಿರೋದು. ಎರಡು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಮತ್ತೆ ದಿನಾ ಜಾಸ್ತಿ ಕುಡಿಯುವ ಹಂತಕ್ಕೆ ಹೋಗಿದ್ದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಹೆರಾಯಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಯ ಚಟ ಇದ್ದವರು ಇದನ್ನು ಮರೆಯಲೇಬೇಡಿ: ಬಿಟ್ಟ ಮೇಲೆ ಮೈಯ ತಾಳಿಕೆ ಇಳಿದಿರುತ್ತದೆ. ಹಿಂದೆ ತಡೆದುಕೊಂಡ ಅದೇ ಪ್ರಮಾಣ ಈಗ ಉಸಿರು ನಿಲ್ಲಿಸಬಹುದು. ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದಾಗ ಹೀಗಾದರೆ ನೋಡುವವರೂ ಇರುವುದಿಲ್ಲ.

ನೀವು ಕೇಳಿಲ್ಲ, ಆದರೂ ನಿಮ್ಮ ಪತ್ರದಲ್ಲಿ ‘ನಾಲ್ಕು ತಿಂಗಳು’ ಅನ್ನೋದನ್ನು ಓದಿದಾಗ ಅನ್ನಿಸಿತು. ಈಗ ಲೆಕ್ಕ ಸೊನ್ನೆಗೆ ಬಂತಾ?

ಕುಡಿತ ಬಿಟ್ಟವರ ಕೆಲವು ಗುಂಪುಗಳಲ್ಲಿ ಮತ್ತೆ ಮೊದಲನೇ ದಿನದಿಂದಲೇ ಎಣಿಸುತ್ತಾರೆ. ಎಷ್ಟೋ ಜನಕ್ಕೆ ಅದರಿಂದ ಬಲ ಬರುತ್ತದೆ, ನಿಮಗೂ ಬಂದರೆ ಹಾಗೇ ಎಣಿಸಿ. ಆದರೆ ಆ ನಾಲ್ಕು ತಿಂಗಳು ಎಲ್ಲಿಗೂ ಹೋಗಿಲ್ಲ. ಆಸೆ ಬಂದು ಹೋದ ಎಷ್ಟೋ ಸಂಜೆಗಳನ್ನು ನೀವು ಕುಡಿಯದೆ ದಾಟಿದ್ದೀರಿ. ಹೇಗೆ ದಾಟಿದಿರಿ ಅನ್ನೋದು ನಿಮಗೆ ಗೊತ್ತು. ಒಂದು ರಾತ್ರಿ ಆ ಕಲಿಕೆಯನ್ನು ಅಳಿಸಲಾರದು. ಅದಕ್ಕೇ ನಾನು ಎರಡು ಸಾಲು ಬರೆದಿಡಿ ಅನ್ನೋದು. ಒಂದರಲ್ಲಿ ಕೊನೆಯ ಸಲ ಕುಡಿದ ಮೇಲೆ ಎಷ್ಟು ದಿನ ಆಯಿತು ಅಂತ. ಇನ್ನೊಂದರಲ್ಲಿ, ಬಿಡಬೇಕು ಅಂತ ತೀರ್ಮಾನಿಸಿದ ದಿನದಿಂದ ಒಟ್ಟು ಎಷ್ಟು ದಿನ ಕುಡಿಯದೆ ಇದ್ದಿರಿ ಅಂತ. ಮುಂದಿನ ಸಲ ಕೌನ್ಸೆಲರ್ ಹತ್ತಿರ ಹೋಗುವಾಗ ಎರಡನ್ನೂ ತೆಗೆದುಕೊಂಡು ಹೋಗಿ. ಆ ರಾತ್ರಿಯ ವಿಷಯವನ್ನು ಮುಚ್ಚಿಡದೆ ಹೇಳಿ.