ಇಷ್ಟು ಒಳ್ಳೆ ಹುಡುಗನ್ನ ಆನಹೈಮ್‌ನವ್ರು ಇಷ್ಟು ಅಗ್ಗಕ್ಕೆ ಯಾಕ್ ಬಿಟ್ರು?

ಓದುಗರ ಪ್ರಶ್ನೆ: "ನಮ್ಮ ಫ್ಲಯರ್ಸ್‌ಗೆ ಬಂದಿರೋ ಟ್ರೆವರ್ ಝೆಗ್ರಸ್ ಅಷ್ಟೊಂದು ಟ್ಯಾಲೆಂಟೆಡ್ ಆಗಿದ್ರೆ ಆನಹೈಮ್‌ನವ್ರು ಅವನನ್ನ ಇಷ್ಟು ಅಗ್ಗಕ್ಕೆ ಯಾಕೆ ಬಿಟ್ಟುಕೊಟ್ರು? ಏನೋ ಐಬು ಇರ್ಲೇಬೇಕಲ್ವಾ? ನಾವು ಖುಷಿ ಪಡ್ಬೇಕಾ, ಹೆದರ್ಕೋಬೇಕಾ, ಅದನ್ನ ಹೇಳಿ."

2025ರ ಜೂನ್ 23ಕ್ಕೆ ಆನಹೈಮ್ ಡಕ್ಸ್ ಟೀಮಿಂದ ಫಿಲಡೆಲ್ಫಿಯಾ ಫ್ಲಯರ್ಸ್ ಅನ್ನೋ ನಮ್ಮೂರಿನ ಐಸ್ ಹಾಕಿ ಟೀಮಿಗೆ ಝೆಗ್ರಸ್ ಟ್ರೇಡ್ ಆದಾಗಿಂದ ಫಿಲಡೆಲ್ಫಿಯಾ ಸುತ್ತಮುತ್ತ ಇರೋ ಕನ್ನಡದವರು ಹಾಕಿ ಮಾತು ಬಂದ್ರೆ ಕೇಳ್ತಿರೋದು ಇದೊಂದೇ. ಮೊನ್ನೆ ಒಂದು ಬರ್ತ್‌ಡೇ ಪಾರ್ಟಿಲಿ ಬಿಸಿಬೇಳೆಬಾತ್ ಪ್ಲೇಟ್ ಕೈಲಿ ಹಿಡ್ಕೊಂಡೇ ಮೂರು ಜನ ಮುಕ್ಕಾಲು ಗಂಟೆ ಇದೇ ಮಾತಾಡಿದ್ವಿ, ಪ್ಲೇಟ್ ಪೂರ್ತಿ ತಣ್ಣಗಾಗಿತ್ತು. ಹಾಗಾಗಿ 2025-26ರ ಸೀಸನ್ ಶುರುವಾಗೋ ಮುಂಚೆ ಕೂತ್ಕೊಂಡು ಸರಿಯಾಗಿ ಬರ್ದುಬಿಡೋಣ ಅನ್ಸ್ತು.

ಊರಲ್ಲಿ ಕೂತು ಓದ್ತಿರೋರಿಗೆ ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ, ಇದು ಕೊಡಗಿನಲ್ಲಿ ಮನೆತನಗಳ ಮಧ್ಯೆ ಆಡೋ ಹಾಕಿ ಅಲ್ಲ, ಐಸ್ ಮೇಲೆ ಸ್ಕೇಟ್ ಕಟ್ಕೊಂಡು ಆಡೋ ಹಾಕಿ, ಚೆಂಡಿನ ಬದ್ಲು ಪಕ್ ಅಂತ ಒಂದು ಗಟ್ಟಿ ರಬ್ಬರ್ ಬಿಲ್ಲೆ. ಒಂದು ಸಲಕ್ಕೆ ಮೂರು ಜನ ಫಾರ್ವರ್ಡ್ ಇರ್ತಾರೆ, ನಡುವೆ ಸೆಂಟರ್, ಆ ಕಡೆ ಈ ಕಡೆ ವಿಂಗರ್. ಈ ಸೆಂಟರ್-ವಿಂಗರ್ ವ್ಯತ್ಯಾಸ ನೆನಪಿಟ್ಕೊಳ್ಳಿ, ಇಡೀ ಕಥೆ ಅದ್ರ ಮೇಲೇನೇ ನಿಂತಿರೋದು. ಇನ್ನು ಎನ್‌ಎಚ್‌ಎಲ್ ಅನ್ನೋ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗಲ್ಲಿ ಐಪಿಎಲ್ ತರ ಹರಾಜು ಇಲ್ಲ, ಒಂದು ಟೀಮು ಇನ್ನೊಂದು ಟೀಮಿಗೆ ಆಟಗಾರನ್ನ ಅವನ ಕಾಂಟ್ರಾಕ್ಟ್ ಸಮೇತ ಕೊಟ್ಟು, ಬದಲಿಗೆ ಬೇರೆ ಆಟಗಾರನ್ನೋ ಮುಂದಿನ ಡ್ರಾಫ್ಟಿನ (ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಪಿಕ್ಕನ್ನೋ, ಅಂದ್ರೆ ಆರಿಸೋ ಸರದಿಯನ್ನೋ ತಗೊಳ್ಳತ್ತೆ, ಬಹಳಷ್ಟು ಸಲ ಹುಡುಗನ್ನ ಒಂದು ಮಾತೂ ಕೇಳಲ್ಲ.

ಆನಹೈಮ್ ಡಕ್ಸ್‌ಗೆ ಸಿಕ್ಕಿದ್ದು ರಯಾನ್ ಪೇಲಿಂಗ್, 2025ರ ಡ್ರಾಫ್ಟಿನ ಎರಡನೇ ರೌಂಡಿನ ಒಂದು ಪಿಕ್ (45ನೇದು), 2026ರ ನಾಲ್ಕನೇ ರೌಂಡಿನ ಇನ್ನೊಂದು ಪಿಕ್. ಅಷ್ಟೇ. 2019ರಲ್ಲಿ ಇಡೀ ಡ್ರಾಫ್ಟಿಗೆ 9ನೇಯವನಾಗಿ ಹೋಗಿದ್ದ ಹುಡುಗನಿಗೆ ಇದು ಕಮ್ಮಿ ರೇಟೇ, ಅದ್ರಲ್ಲಿ ಎರಡು ಮಾತಿಲ್ಲ. ಪೇಲಿಂಗ್ ಕೆಟ್ಟ ಆಟಗಾರ ಅಂತ ಅಲ್ಲ, ಪೆನಾಲ್ಟಿ ಕಿಲ್ (ನಮ್ಮವನೊಬ್ಬ ಶಿಕ್ಷೆಗೆ ಹೊರಗೆ ಕೂತಾಗ ಗೋಲ್ ಬೀಳದ ಹಾಗೆ ತಡೆಯೋದು) ಚೆನ್ನಾಗಿ ಮಾಡ್ತಿದ್ದ, ಮೈ ಮುರಿದು ಆಡ್ತಿದ್ದ, ಆದ್ರೆ ಕೆಳಗಿನ ಲೈನಿನ, ಅಂದ್ರೆ ಕಮ್ಮಿ ಹೊತ್ತು ಆಡೋ ಫಾರ್ವರ್ಡ್ ಗುಂಪಿನ ಆಟಗಾರ ಅಂತಾನೇ ಎಲ್ಲರಿಗೂ ಗೊತ್ತು. 2024-25ರ ಸೀಸನ್ನಲ್ಲಿ ಪೇಲಿಂಗ್ 68 ಮ್ಯಾಚಲ್ಲಿ 31 ಪಾಯಿಂಟ್ (ತಾನು ಹಾಕಿದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ಪಾಸು ಎರಡೂ ಲೆಕ್ಕ), ಝೆಗ್ರಸ್ 57 ಮ್ಯಾಚಲ್ಲಿ 32. ಇದನ್ನ ನೋಡಿ "ಇಬ್ರೂ ಒಂದೇ ತಾನೆ" ಅಂದೋರು ಇದಾರೆ, ನನಗೆ ಆ ಮಾತು ಕೇಳಿ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಒಬ್ಬನಿಗೆ ಅದು ಜೀವಮಾನದ ಬೆಸ್ಟ್ ವರ್ಷ, ಇನ್ನೊಬ್ಬ ಮಂಡಿ ಆಪರೇಷನ್ ಮಾಡಿಸ್ಕೊಂಡು ಬಂದು ತನ್ನದಲ್ಲದ ಜಾಗದಲ್ಲಿ ಆಡಿದ ವರ್ಷ.

ಈ ಹುಡುಗ ಯಾರು ಅಂತ ಗೊತ್ತಾಗ್ಬೇಕಾದ್ರೆ 2021ರ ಡಿಸೆಂಬರ್ 7ರ ಬಫಲೋ ಮ್ಯಾಚಿನ ಆ ಒಂದು ಪಾಸ್ ನೋಡ್ಬೇಕು. ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಗೋಲಿನ ಹಿಂದ್ಗಡೆ ನಿಂತಿದಾನೆ, ಅಲ್ಲಿಂದ ಸಾಮಾನ್ಯವಾಗಿ ಎಲ್ಲರೂ ಏನ್ ಮಾಡ್ತಾರೆ, ಆ ಪಕ್ಕಕ್ಕೋ ಈ ಪಕ್ಕಕ್ಕೋ ಪಕ್ ತಳ್ತಾರೆ. ಇವ್ನು ಪಕ್ಕನ್ನ ಸ್ಟಿಕ್ಕಿನ ತುದೀಲಿ ದೋಸೆ ಎತ್ತಿದ ಹಾಗೆ ಮೆಲ್ಲಗೆ ಎತ್ತಿ, ಗೋಲಿನ ನೆತ್ತಿ ಮೇಲಿಂದ ಆ ಕಡೆಗೆ ಹಾರಿಸಿದ, ಮುಂದೆ ನಿಂತಿದ್ದ ಸನ್ನಿ ಮಿಲಾನೋ ಅದು ಕೆಳಗೆ ಬೀಳೋಕೆ ಮುಂಚೆ ಗಾಳೀಲೇ ಹೊಡೆದು ಗೋಲ್ ಹಾಕ್ದ. ಗೋಲ್‌ಕೀಪರ್‌ಗೆ ಏನಾಯ್ತು ಅಂತಾನೇ ಗೊತ್ತಾಗ್ಲಿಲ್ಲ. ಅದೇ ಸೀಸನ್ನಲ್ಲಿ ಪಕ್ಕನ್ನ ಸ್ಟಿಕ್ಕಿಗೆ ಅಂಟಿಸ್ಕೊಂಡು ಹಿಂದಿನಿಂದ ಸುತ್ತಿ ತಂದು ಮೇಲಿನ ಮೂಲೆಗೆ ಹಾಕೋ "ಮಿಷಿಗನ್" ಗೋಲನ್ನೂ ಎರಡು ಸಲ ಹಾಕ್ದ. ವಿಡಿಯೋ ಗೇಮಿನ ಕವರ್ ಮೇಲೆ ಬಂದ. ಆ ವರ್ಷ 61 ಪಾಯಿಂಟ್, ಅದರ ಮುಂದಿನ ವರ್ಷ 65, ಆವಾಗಿನ್ನೂ 21-22 ವಯಸ್ಸು. ಹೊಸಬರಿಗೆ ಕೊಡೋ ಕಾಲ್ಡರ್ ಟ್ರೋಫಿ ಓಟಲ್ಲಿ ಎರಡನೇ ಸ್ಥಾನ.

ಹಾಗಿದ್ಮೇಲೆ ಆಗಿದ್ದೇನು?

ಮೊದಲನೇದು, ಜಾಗ ಹೋಯ್ತು. ಅವನನ್ನ ಡ್ರಾಫ್ಟ್ ಮಾಡಿದ ಜನರಲ್ ಮ್ಯಾನೇಜರ್ 2021ರಲ್ಲೇ ಹೋದ್ರು, 2022ರಲ್ಲಿ ಪ್ಯಾಟ್ ವರ್ಬೀಕ್ ಬಂದ್ರು, ಬಂದವರು ತಮ್ಮ ಟೀಮ್ ಕಟ್ಟೋಕೆ ಶುರು ಮಾಡಿದ್ರು. 2021ರ ಡ್ರಾಫ್ಟಲ್ಲಿ ಮೂರನೇಯವನಾಗಿ ಬಂದ ಮೇಸನ್ ಮ್ಯಾಕ್ಟಾವಿಶ್ ಸೆಂಟರ್, 2023ರಲ್ಲಿ ಎರಡನೇಯವನಾಗಿ ಬಂದ ಲಿಯೋ ಕಾರ್ಲ್‌ಸನ್ನೂ ಸೆಂಟರ್. ಇಬ್ರೂ ಮೈಕಟ್ಟಲ್ಲಿ ದೊಡ್ಡೋರು. ಹಾಗಾಗಿ ಝೆಗ್ರಸ್‌ನ ಪಕ್ಕಕ್ಕೆ ಸರಿಸಿ ವಿಂಗಲ್ಲಿ ನಿಲ್ಲಿಸಿದ್ರು. 2023ರ ಕಾಂಟ್ರಾಕ್ಟ್ ಮಾತುಕತೆ ಎಳೆದೂ ಎಳೆದೂ ಟ್ರೇನಿಂಗ್ ಕ್ಯಾಂಪ್ ನಡೀತಿರುವಾಗ ಅಕ್ಟೋಬರ್ 2ಕ್ಕೆ ಸೈನ್ ಆಯ್ತು, ಮೂರು ವರ್ಷ, ವರ್ಷಕ್ಕೆ 57.5 ಲಕ್ಷ ಡಾಲರ್. ಕ್ಯಾಂಪ್ ತಪ್ಪಿಸ್ಕೊಂಡು ತಡವಾಗಿ ಬಂದ ಹುಡುಗ, ಹೊಸ ಕೋಚ್, ಅಲ್ಲಿಂದ ತಾಳ ತಪ್ಪಿದ್ದು ಮತ್ತೆ ಕೂಡ್ಲೇ ಇಲ್ಲ.

ಎರಡನೇದು ಪೆಟ್ಟು. 2023-24ರಲ್ಲಿ ಮೊದಲು ತೊಡೆಸಂದಿನ ನೋವು, ಅದು ವಾಸಿಯಾಗಿ ಬಂದ ಅಂದ್ರೆ ಜನವರಿಲಿ ಕಣಕಾಲು ಮುರೀತು, 82 ಮ್ಯಾಚಲ್ಲಿ ಆಡಿದ್ದು 31. 2024ರ ಡಿಸೆಂಬರಲ್ಲಿ ಮಂಡಿಯ ಮೆನಿಸ್ಕಸ್ ಹರಿದು ಆಪರೇಷನ್, 22 ಮ್ಯಾಚ್ ಹೋಯ್ತು, ವಾಪಸ್ ಬಂದ್ಮೇಲೆ ಡೆಟ್ರಾಯ್ಟ್ ಆಟಗಾರನಿಗೆ ಗುದ್ದಿದ್ದಕ್ಕೆ ಮೂರು ಮ್ಯಾಚ್ ಸಸ್ಪೆನ್ಷನ್ನೂ ಆಯ್ತು. ಎರಡು ವರ್ಷ ಸೇರಿ 88 ಮ್ಯಾಚ್. ಕೊಳ್ಳೋರು ನೋಡೋದು ಇದನ್ನೇ.

ಮೂರನೇದು ದುಡ್ಡು, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಟ್ರೇಡ್ ಆದಾಗ ಕಾಂಟ್ರಾಕ್ಟಲ್ಲಿ ಉಳಿದಿದ್ದು ಒಂದೇ ವರ್ಷ, 2026ರ ಬೇಸಿಗೆಗೆ ಹೊಸದು ಬರೀಬೇಕಿತ್ತು. ಈ ಹುಡುಗನಿಗೆ ಮತ್ತೆ ದೊಡ್ಡ ಮೊತ್ತ ಕೊಡೋ ಮನಸ್ಸಿಲ್ಲ ಅಂದ್ರೆ ಈಗ್ಲೇ ಮಾರೋದು ಮೇಲು.

ಸಂತೇಲಿ ಸಂಜೆ ಆರೂವರೆ ಮೇಲೆ ಹೋಗಿ ನೋಡಿ, ಬೆಳಿಗ್ಗೆ ನಲವತ್ತಕ್ಕೆ ಮಾರ್ತಿದ್ದ ಸೊಪ್ಪನ್ನ ಹದಿನೈದಕ್ಕೆ ಕೊಡ್ತಾರೆ. ಸೊಪ್ಪು ಕೊಳೆತಿರಲ್ಲ, ಅವ್ರಿಗೆ ಗಾಡಿ ಕಟ್ಕೊಂಡು ಹೊರಡೋ ಹೊತ್ತಾಗಿರತ್ತೆ ಅಷ್ಟೇ. ರೇಟು ಹೇಳೋದು ಮಾರೋನ ಅವಸರಾನ, ಸೊಪ್ಪಿನ ರುಚಿನಲ್ಲ. ಆನಹೈಮ್‌ಗೆ ಹೊತ್ತಾಗಿತ್ತು. ಪ್ರಶ್ನೆ ಕೇಳಿದವರಿಗೆ ನನ್ನ ನೇರ ಉತ್ತರ ಇದೇನೇ: ಐಬು ಇದೆ, ಆದ್ರೆ ರೇಟು ಇಳಿದಿದ್ದು ಪೂರ್ತಿ ಆ ಐಬಿಂದಲ್ಲ.

ಈಗ ನಮ್ಮ ಮನೆ ಕಡೆ ನೋಡೋಣ. ಟ್ರೇಡ್ ಆಗೋ ಹೊತ್ತಿಗೆ ಫ್ಲಯರ್ಸ್ ಪ್ಲೇಆಫ್ (ಸೀಸನ್ ಮುಗಿದ್ಮೇಲೆ ಕಪ್‌ಗಾಗಿ ನಡೆಯೋ ನಾಕೌಟ್ ಸುತ್ತು) ಆಡಿ ಐದು ವರ್ಷ ಆಗಿತ್ತು, ಅಲ್ಲೀವರೆಗೆ 2020ರದ್ದೇ ಕೊನೆ. 2024-25ರಲ್ಲಿ ಟೇಬಲ್ಲಿನ ಲೆಕ್ಕಕ್ಕೆ 76 ಪಾಯಿಂಟ್ ತಗೊಂಡು ಮೆಟ್ರೊಪಾಲಿಟನ್ ಅನ್ನೋ ನಮ್ಮ ಡಿವಿಷನ್ನಲ್ಲಿ ಕೊನೇ ಸ್ಥಾನ. ಎದುರಾಳಿ ಒಬ್ಬ ಪೆನಾಲ್ಟಿ ಬಾಕ್ಸಲ್ಲಿ ಕೂತಿದ್ದು ನಾವು ಐದು ಜನ ಅವ್ರು ನಾಲ್ಕು ಜನ ಇರೋ ಆ ಎರಡು ನಿಮಿಷದ ಪವರ್‌ಪ್ಲೇಲಿ 2023-24ರಲ್ಲಿ ನಮ್ಮದು ಇಡೀ ಲೀಗಿಗೇ ಕೊನೆ, ನೂರಕ್ಕೆ ಹನ್ನೆರಡು ಸಲ ಗೋಲ್ ಆಗ್ತಿತ್ತು. ನಾನು ಅರೀನಾದ ಮೇಲಿನ ಸಾಲಲ್ಲಿ ಕೂತು ನೋಡಿದೀನಿ, ಪವರ್‌ಪ್ಲೇ ಸಿಕ್ತು ಅಂದ್ರೆ ಜನ ಖುಷಿಯಾಗೋದ್ ಬಿಟ್ಟು ನಿಟ್ಟುಸಿರು ಬಿಡೋರು, ಐದೂ ಜನ ಗೋಡೆ ಹಿಡ್ಕೊಂಡು ಪಕ್ಕನ್ನ ಒಬ್ಬರಿಂದೊಬ್ಬರಿಗೆ ದಾಟಿಸ್ತಾ ದಾಟಿಸ್ತಾ ಟೈಮೇ ಮುಗ್ದುಹೋಗೋದು. ಅಂಥ ಟೀಮಿಗೆ ಗೋಲಿನ ಹಿಂದೆ ನಿಂತು ಯಾರಿಗೂ ಕಾಣದ ದಾರಿ ಕಾಣೋ ಒಬ್ಬ ಹುಡುಗ ಬಂದಿದಾನೆ. ನಮ್ಮ ಎಳೇ ವಿಂಗರ್ ಮಾಟ್ವೇ ಮಿಚ್ಕೋವ್ ಮೊದಲನೇ ವರ್ಷದಲ್ಲೇ 26 ಗೋಲ್, 63 ಪಾಯಿಂಟ್ ಮಾಡ್ದ, ಅದೂ ಅವನಿಗೆ ಸರಿಯಾಗಿ ಪಕ್ ಕೊಡೋ ಸೆಂಟರ್ ಇಲ್ದೇ. ಅವನ ಸ್ಟಿಕ್ಕಿಗೆ ಸರಿಯಾದ ಹೊತ್ತಿಗೆ ಪಕ್ ಬಂದ್ರೆ ಹೇಗಿರತ್ತೆ ಅಂತ ಯೋಚ್ನೆ ಮಾಡಿದ್ರೇ ನನಗೆ ಮೈ ಜುಮ್ ಅನ್ನತ್ತೆ.

ಇನ್ನೊಂದು ವಿಷ್ಯ ಇದೆ, ನನಗೆ ಇದ್ರಲ್ಲೇ ಹೆಚ್ಚು ನಂಬಿಕೆ. ಈ ಟ್ರೇಡ್ ಮಾಡಿದ ನಮ್ಮ ಜನರಲ್ ಮ್ಯಾನೇಜರ್ ಡ್ಯಾನಿ ಬ್ರಿಯೇರ್, ಆಟಗಾರನಾಗಿ ಇದೇ ದಾರೀಲಿ ನಡ್ಕೊಂಡ್ ಬಂದವರು. ಚಿಕ್ಕ ಮೈಕಟ್ಟಿನ ಸೆಂಟರ್, ಫೀನಿಕ್ಸ್ ಟೀಮಿನವ್ರು 2003ರಲ್ಲಿ 25ನೇ ವಯಸ್ಸಿಗೇ ಬಫಲೋಗೆ ಟ್ರೇಡ್ ಮಾಡಿ ಕೈ ತೊಳ್ಕೊಂಡ್ರು, ಅದೇ ಬಫಲೋದಲ್ಲಿ 2006-07ಕ್ಕೆ 95 ಪಾಯಿಂಟ್ ಮಾಡಿದ್ರು, ಆಮೇಲೆ ನಮ್ಮಲ್ಲಿಗೆ ಬಂದು 2010ರ ಪ್ಲೇಆಫಲ್ಲಿ 23 ಮ್ಯಾಚಿಗೆ 30 ಪಾಯಿಂಟ್ ಮಾಡಿ ಟೀಮನ್ನ ಫೈನಲ್ ತನಕ ತಗೊಂಡೋದ್ರು. ಒಂದು ಟೀಮಿಗೆ ಬೇಡವಾದ ಮಾತ್ರಕ್ಕೆ ಹುಡುಗ ಮುಗಿದುಹೋಗಲ್ಲ ಅಂತ ಅವ್ರಿಗೆ ಬೇರೆಯವ್ರು ಹೇಳಿಕೊಡ್ಬೇಕಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಫೀನಿಕ್ಸಿಗೆ ಬ್ರಿಯೇರ್ ಹಿತ್ತಲ ಗಿಡ ಆಗಿದ್ರು.

ಜೂನ್ 23 ಅಂದ ತಕ್ಷಣ ಹಳೇ ಫ್ಯಾನ್‌ಗಳಿಗೆ ಇನ್ನೊಂದು ನೆನಪಾಗಿರತ್ತೆ. 2011ರ ಜೂನ್ 23ಕ್ಕೇನೇ ನಮ್ಮ ಸ್ಟಾರ್‌ಗಳಾಗಿದ್ದ ಮೈಕ್ ರಿಚರ್ಡ್ಸ್, ಜೆಫ್ ಕಾರ್ಟರ್ ಇಬ್ಬರನ್ನೂ ಒಂದೇ ದಿನ ಟ್ರೇಡ್ ಮಾಡಿದ್ರು, ಊರೆಲ್ಲ ತಲೆ ಮೇಲೆ ಕೈ ಹೊತ್ಕೊಂಡ್ ಕೂತಿತ್ತು. ಅವರಿಬ್ರೂ ಮುಂದಿನ ವರ್ಷವೇ ಲಾಸ್ ಏಂಜಲಿಸ್‌ನಲ್ಲಿ ಸ್ಟ್ಯಾನ್ಲಿ ಕಪ್, ಅಂದ್ರೆ ಲೀಗಿನ ಚಾಂಪಿಯನ್ ಕಪ್ ಎತ್ತಿದ್ರು, ಆ ಉರಿ ಇನ್ನೂ ಆರಿಲ್ಲ ಬಿಡಿ. ಆದ್ರೆ ಅವತ್ತು ಕೊಲಂಬಸ್‌ನಿಂದ ಬಂದ 21 ವರ್ಷದ ಯಾಕುಬ್ ವೊರಾಚೆಕ್ಕನ್ನ ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ, ಅವ್ನು ಹತ್ತು ಸೀಸನ್ ಇಲ್ಲೇ ಆಡ್ದ, 2014-15ರಲ್ಲಿ 81 ಪಾಯಿಂಟ್ ಮಾಡ್ದ. ಕಾರ್ಟರ್‌ಗೆ ಬದಲಾಗಿ ಸಿಕ್ಕಿದ ಪಿಕ್ಕಲ್ಲಿ ಬಂದ ಹುಡುಗನೇ ಈಗಿನ ಕ್ಯಾಪ್ಟನ್ ಶಾನ್ ಕೂಟೂರಿಯೇ. ಟ್ರೇಡ್ ಆದ ದಿನ ಹೇಳೋ ಜಡ್ಜ್‌ಮೆಂಟಿಗೆ ಹೆಚ್ಚು ಬೆಲೆ ಕೊಡ್ಬೇಡಿ ಅಂತ ನಾನು ಹೇಳೋದು ಇದಕ್ಕೇ.

ಹೆದರಿಕೆ ಇಲ್ವಾ ಅಂದ್ರೆ ಇದೆ, ಮುಚ್ಚಿಡೋಕೆ ಹೋಗಲ್ಲ. 2021ರಲ್ಲಿ ರಯಾನ್ ಎಲ್ಲಿಸ್ ಬಂದಾಗ ಡಿಫೆನ್ಸ್ ಸಮಸ್ಯೆ ಮುಗೀತು ಅಂತ ಕುಣಿದಾಡಿದ್ವಿ, ಪೆಟ್ಟು ಮಾಡ್ಕೊಂಡು ನಮಗೆ ಆಡಿದ್ದು ಬರೀ ನಾಲ್ಕು ಮ್ಯಾಚ್. ಅಲ್ಲಿಂದೀಚೆ "ಮಂಡಿ", "ಆಪರೇಷನ್" ಅನ್ನೋ ಪದ ಕೇಳಿದ್ರೆ ಹೊಟ್ಟೇಲಿ ಸಂಕಟ ಆಗತ್ತೆ. ಟ್ರೇಡ್ ಆದಾಗ ಝೆಗ್ರಸ್‌ಗೆ ಇನ್ನೂ 24, ಎಲುಬು ಕೂಡೋ ವಯಸ್ಸು, ಆದ್ರೂ ಮೊದಲ ಇಪ್ಪತ್ತು ಮ್ಯಾಚ್ ಅವ್ನು ಗೋಡೆಗೆ ಬಿದ್ದಾಗೆಲ್ಲ ನಾನು ಉಸಿರು ಬಿಗಿಹಿಡ್ಕೊಂಡೇ ನೋಡ್ತೀನಿ.

ಅದಕ್ಕಿಂತ ದೊಡ್ಡ ಚಿಂತೆ ಅಂದ್ರೆ ಅವ್ನು ಸೆಂಟರ್ ಆಡ್ತಾನಾ ಅನ್ನೋದು. ಸೆಂಟರ್ ಅಂದ್ರೆ ಫೇಸ್‌ಆಫ್ ತಗೋಬೇಕು, ಇಬ್ರು ಎದುರುಬದುರು ಬಗ್ಗಿ ನಿಂತಿರ್ತಾರೆ, ನಡುವೆ ಪಕ್ ಬೀಳತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಯಾರು ತಮ್ಮ ಕಡೆ ಎಳ್ಕೋತಾರೋ ಅವ್ರ ಟೀಮಿಗೆ ಆಟ. ಇದು ತೋಳು, ಸೊಂಟದ ಕೆಲ್ಸ, ಇದ್ರಲ್ಲಿ ಝೆಗ್ರಸ್ ಇಷ್ಟು ವರ್ಷದಲ್ಲೂ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಜೊತೆಗೆ ಸೆಂಟರ್ ಆದೋನು ನಮ್ಮ ಗೋಲಿನ ಮುಂದೆ ವಾಪಸ್ ಬಂದು ಡಿಫೆನ್ಸೂ ಮಾಡ್ಬೇಕು. ಬ್ರಿಯೇರ್ ಅವನಿಗೆ ಸೆಂಟರಲ್ಲಿ ಚಾನ್ಸ್ ಕೊಡ್ತೀವಿ ಅಂತಿದಾರೆ, ಆದ್ರೆ 2025ರ ಜುಲೈ 1ಕ್ಕೇನೇ ಕ್ರಿಶ್ಚಿಯನ್ ಡ್ವೊರಾಕ್ ಅಂತ ಇನ್ನೊಬ್ಬ ಸೆಂಟರ್‌ನ ಒಂದು ವರ್ಷಕ್ಕೆ 54 ಲಕ್ಷ ಡಾಲರ್ ಕೊಟ್ಟು ತಂದಿದಾರೆ. ಕೂಟೂರಿಯೇ ಇದಾನೆ, ನೋವಾ ಕೇಟ್ಸ್ ಇದಾನೆ. ಅಂದ್ರೆ ಇವ್ನು ಸೆಂಟರಲ್ಲಿ ಒಗ್ಗದಿದ್ರೆ ವಿಂಗಿಗೆ ಹಾಕೋಕೆ ದಾರಿ ಮಾಡ್ಕೊಂಡಿದಾರೆ ಅಂತ ನನಗನ್ಸತ್ತೆ. ಹಾಗಾದ್ರೂ ಆಕಾಶ ಕಳಚಿ ಬೀಳಲ್ಲ, ವಿಂಗಿಂದಲೂ ಪವರ್‌ಪ್ಲೇ ನಡೆಸ್ಬೋದು. ಆದ್ರೆ ಸೆಂಟರ್ ಆಗಿಬಿಟ್ರೆ ಈ ಟ್ರೇಡು ಎರಡನೇ ರೌಂಡ್ ಪಿಕ್ಕಿಗೆ ಸಿಕ್ಕ ಚಿನ್ನ.

ಕೋಚ್ ರಿಕ್ ಟಾಕೆಟ್, 2025ರ ಮೇ ತಿಂಗಳಲ್ಲಿ ಬಂದವರು, 2024ರಲ್ಲಿ ವ್ಯಾಂಕೂವರ್‌ನಲ್ಲಿದ್ದಾಗ ವರ್ಷದ ಬೆಸ್ಟ್ ಕೋಚ್ ಅವಾರ್ಡ್ ತಗೊಂಡವರು, ಶಿಸ್ತಿನ ಮನುಷ್ಯ. ಕುಣಿಯೋ ಕರುವನ್ನ ಎಷ್ಟು ಹಗ್ಗ ಬಿಟ್ಟು ಕಟ್ತಾರೆ ಅನ್ನೋದು ಅವ್ರ ಕೈಲಿದೆ. ಆ ವಿಷಯದಲ್ಲಿ ಆನಹೈಮ್‌ನಿಂದ 2024ರ ಜನವರಿಲಿ ಬಂದ ಜೇಮಿ ಡ್ರೈಸ್‌ಡೇಲ್ ಇಲ್ಲಿರೋದು ಒಳ್ಳೇದಾಯ್ತು, ಇಬ್ರೂ ಹತ್ತಿರದ ಗೆಳೆಯರು, ಹೊಸ ಊರಲ್ಲಿ ಮಾತಾಡೋಕೆ ಒಬ್ಬ ಇದ್ರೆ ಎಷ್ಟು ಹಗುರ ಅನ್ನೋದು ಊರು ಬಿಟ್ಟು ಬಂದ ನಮಗೆಲ್ಲ ಗೊತ್ತಿರೋದೇ.

ಇನ್ನು ನಾವು, ಅಂದ್ರೆ ಫ್ಯಾನ್‌ಗಳು. ಡ್ರೈಸ್‌ಡೇಲ್‌ಗೆ ಬದಲಾಗಿ ಆನಹೈಮ್‌ಗೆ ಹೋದ ಕಟರ್ ಗೋಟಿಯೇ ನಮ್ಮಲ್ಲಿ ಆಡಲ್ಲ ಅಂತ ಹಠ ಮಾಡಿ ಹೋದ ಹುಡುಗ, 2025ರ ಜನವರಿ 11ಕ್ಕೆ ಅವ್ನು ಇಲ್ಲಿಗೆ ಬಂದಾಗ ಪಕ್ ಮುಟ್ಟಿದಾಗೆಲ್ಲ ಇಡೀ ಅರೀನಾ ಬೂ ಅಂತು, ನಾವು 6-0 ಗೆದ್ವಿ, ಆ ಸದ್ದು ಇನ್ನೂ ಕಿವೀಲಿದೆ. ಆ ಗಂಟಲು ನಮ್ಮ ಹುಡುಗನ ಮೇಲೆ ತಿರುಗೋಕೂ ಇಲ್ಲಿ ಹೆಚ್ಚು ಹೊತ್ತು ಬೇಕಾಗಲ್ಲ. ಝೆಗ್ರಸ್ ರಿಸ್ಕ್ ತಗೊಳ್ಳೋ ಆಟಗಾರ, ಹತ್ತು ಪಾಸಲ್ಲಿ ಮೂರು ಎದುರಾಳಿ ಕೈಗೆ ಹೋಗ್ತವೆ, ಅದ್ರಲ್ಲಿ ಒಂದು ನಮ್ಮ ಗೋಲಿಗೇ ಬಂದು ಬೀಳ್ಬೋದು. ಅವತ್ತು ದಯವಿಟ್ಟು ಸುಮ್ನಿರಿ. ಉಳಿದ ಏಳಕ್ಕೇ ಅಲ್ವಾ ನಾವು ಅವನನ್ನ ತಂದಿರೋದು.

ಸೀಸನ್ ಶುರುವಾಗೋದು 2025ರ ಅಕ್ಟೋಬರ್ 9ಕ್ಕೆ, ಫ್ಲೋರಿಡಾದಲ್ಲಿ, 2025ರ ಚಾಂಪಿಯನ್ ಪ್ಯಾಂಥರ್ಸ್ ಮೇಲೇನೇ. ಅವತ್ತು ಗೋಲ್ ಹಾಕಿದ್ನಾ ಅಂತ ನೋಡ್ಬೇಡಿ. ಝೆಗ್ರಸ್‌ನ ಲೈನ್ ಐಸ್‌ಗೆ ಇಳಿದಾಗ, ಫೇಸ್‌ಆಫ್ ವೃತ್ತದ ನಡುವೆ ಬಗ್ಗಿ ನಿಂತಿರೋನು ಅವ್ನೇನಾ, ಇಲ್ಲಾ ಪಕ್ಕದಲ್ಲಿ ನಿಂತು ಬೇರೆಯವನನ್ನ ಕಾಯ್ತಿದಾನಾ, ಅದನ್ನ ನೋಡಿ.