ಬೆಟ್ಟದ ಊರಿಗೆ ಮನೆ ಬದಲಿಸುವ ಮುನ್ನ ಏಪ್ರಿಲ್‌ನಲ್ಲಿ ಬಂದು ನೋಡಿ

ಈಚೆಗೆ ಬೆಂಗಳೂರಿನಿಂದ ಬರುವ ಫೋನುಗಳಲ್ಲಿ ಒಂದೇ ಮಾತು. "ಸಾರ್, ಬೆಟ್ಟದ ಪಕ್ಕ ಒಂದು ಸಣ್ಣ ಊರು ಬೇಕು. ಅಪ್ಪ, ಅಮ್ಮ, ಮಕ್ಕಳು, ಎಲ್ಲರೂ ಬಂದು ಇರೋಣ ಅಂತ." ನಾನು ಸಿವಿಲ್ ಎಂಜಿನಿಯರ್. ಚಿತ್ರದುರ್ಗದಲ್ಲಿ ಕಚೇರಿ. ಮನೆ ಕಟ್ಟಿಸುವುದು ನನ್ನ ಕಸುಬು. ಈಗೀಗ ಕಟ್ಟಿಸುವುದಕ್ಕಿಂತ ಊರು ನೋಡಲು ಬಂದವರ ಜೊತೆ ಓಡಾಡುವ ಕೆಲಸವೇ ಜಾಸ್ತಿ. ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ, ನ್ಯಾಮತಿ ಕಡೆ ಕೇಳುವವರು ಹೆಚ್ಚು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಸುತ್ತಮುತ್ತ ಬೇಕು ಅನ್ನುವವರೂ ಇದ್ದಾರೆ.

ಹೆಚ್ಚಿನವರು ಬರುವುದು ಅಕ್ಟೋಬರ್‌ನಿಂದ ಜನವರಿವರೆಗೆ. ಆಗ ನಮ್ಮ ಗುಡ್ಡಗಳೆಲ್ಲ ಹಸಿರು. ಬೆಳಗ್ಗೆ ಮಂಜು, ಮೇಲೆ ಗಾಳಿಯಂತ್ರಗಳು, ಕೆಳಗೆ ಶೇಂಗಾ, ಮೆಕ್ಕೆಜೋಳ. ಯಾರಿಗಾದರೂ ಇಷ್ಟವಾಗುತ್ತದೆ, ಅಲ್ವಾ? ಆದರೆ ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ನೀವು ನೋಡಿದ್ದು ವರ್ಷದ ಅತ್ಯಂತ ಒಳ್ಳೆಯ ಎರಡು ಮೂರು ತಿಂಗಳು ಮಾತ್ರ. ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಅಂದರೆ 89 ವರ್ಷದ ಮೇಲೆ. ಆ ವರ್ಷ ಇಲ್ಲಿಗೆ ಬಂದವರಿಗೆ ಕೆರೆಕಟ್ಟೆ ಎಲ್ಲ ತುಂಬಿದ ನಾಡು ಕಂಡಿತು. ಮರುವರ್ಷ, 2023ರಲ್ಲಿ, ಬಂದಿದ್ದು ಬರ. 2022ರ ಹಸಿರು ನೋಡಿ ಸೈಟಿಗೆ ಅಡ್ವಾನ್ಸ್ ಕೊಟ್ಟ ಒಂದು ಕುಟುಂಬ ಬರದ ನಂತರದ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುತ್ತಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟೇ. ಏಪ್ರಿಲ್ ಕೊನೆಗೆ ಬನ್ನಿ. ಬಿಸಿಲು 36, 38 ಡಿಗ್ರಿ ಇರುತ್ತದೆ. ಬಂಡೆಗುಡ್ಡದ ಬುಡದ ಊರಾದರೆ ರಾತ್ರಿಯೂ ಕಲ್ಲಿನ ಕಾವು ಆರುವುದಿಲ್ಲ. ಬರುವಾಗ ಒಬ್ಬರೇ ಬರಬೇಡಿ. ಊರು ಆಯ್ಕೆ ಮಾಡುವವರು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಹಿಡಿದ ಮಗ ಅಥವಾ ಮಗಳು. ಹಗಲಿಡೀ ಆ ಊರಲ್ಲಿ ಬದುಕಬೇಕಾದವರು ಬೇರೆಯವರು. ಮಂಡಿನೋವಿನ ಅತ್ತೆ, ನಾಲ್ಕನೇ ಕ್ಲಾಸಿನ ಹುಡುಗಿ, ಮನೆ ತೂಗಿಸುವ ಸೊಸೆ. ಅವರನ್ನು ಕರೆದುಕೊಂಡು ಬನ್ನಿ. ರೆಸಾರ್ಟ್‌ನಲ್ಲಿ ಉಳಿಯಬೇಡಿ. ಪರಿಚಯದವರ ಮನೆಯಲ್ಲೋ ಊರಿನ ಲಾಡ್ಜ್‌ನಲ್ಲೋ ಒಂದು ವಾರ ಇರಿ.

ಮೊದಲು ನೀರು. ಉಳಿದದ್ದೆಲ್ಲ ಆಮೇಲೆ. ಬೇರೆ ಎಲ್ಲಕ್ಕೂ ಏನಾದರೂ ದಾರಿ ಇರುತ್ತದೆ, ನೀರು ಕೆಟ್ಟಿದ್ದರೆ ದಿನಾ ತಲೆನೋವು.

ಊರಿನ ನೀರು ಎಲ್ಲಿಂದ ಬರುತ್ತದೆ ಅಂತ ಪಂಚಾಯಿತಿಯಲ್ಲಿ ಕೇಳಿದರೆ ಕಾಗದದ ಉತ್ತರ ಸಿಗುತ್ತದೆ. ಜಲ ಜೀವನ್ ಮಿಷನ್ ಯೋಜನೆಯ ನಲ್ಲಿ ಇದೆ, ದಿನಕ್ಕೆ ತಲೆಗೆ 55 ಲೀಟರ್ ಅನ್ನುತ್ತಾರೆ. ನಿಜವಾದ ಉತ್ತರ ನೀರಗಂಟಿ ಹತ್ತಿರ ಇರುತ್ತದೆ. ವಾಲ್ವ್ ತಿರುಗಿಸುವವನು ಅವನೇ ತಾನೇ. ದಾವಣಗೆರೆ ಕಡೆಯ ಒಬ್ಬ ನೀರಗಂಟಿ ನನ್ನ ಜೊತೆ ಬಂದವರಿಗೆ ನೇರವಾಗಿ ಹೇಳಿದ: "ಈಗೇನ್ ನೋಡ್ತೀರಿ ಸಾರ್, ಬೇಸಿಗ್ಯಾಗ ಬನ್ರಿ, ಆವಾಗ ಗೊತ್ತಾಕತಿ." ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಹೊತ್ತಿಗೆ, ಯಾವ ಬೀದಿಗೆ ಕೊನೆಗೆ ಬರುತ್ತದೆ ಎಂದು ಅವನನ್ನು ಕೇಳಿ. ಬೆಟ್ಟದ ಊರುಗಳಲ್ಲಿ ಕೊನೆಯ ಬೀದಿ ಅಂದರೆ ಎತ್ತರದ ಬೀದಿ. ನಿಮಗೆ ಇಷ್ಟವಾಗುವುದೂ ಅದೇ ಬೀದಿ. ನೋಟ ಚೆನ್ನಾಗಿರುತ್ತದಲ್ಲ!

ಬೋರ್‌ವೆಲ್ ಇದೆ ಅಂದರೆ ಎಷ್ಟು ಇಂಚು ನೀರು ಅಂತ ಕೇಳಿ ಸುಮ್ಮನಾಗಬೇಡಿ. ಯಾವ ತಿಂಗಳಲ್ಲಿ ಅಳೆದದ್ದು ಅಂತಲೂ ಕೇಳಿ. ಮೋಟಾರ್ ಹಾಕಿಸಿ ಎರಡು ಗಂಟೆ ಓಡಿಸಿ ನೋಡಿ. ಮೊದಲ ಹತ್ತು ನಿಮಿಷ ಎಲ್ಲ ಬೋರೂ ಚೆನ್ನಾಗಿಯೇ ಹೊಡೆಯುತ್ತವೆ.

ಇದಕ್ಕಿಂತ ದೊಡ್ಡದು ನೀರಿನ ಗುಣ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಜಗಳೂರು ಕಡೆ ಇದು ಹಳೆಯ ತೊಂದರೆ. ಗ್ರಾನೈಟ್, ನೈಸ್‌ನಂಥ ಕಲ್ಲಿನೊಳಗಿಂದ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ನೀರು ಆಳಕ್ಕೆ ಹೋದಷ್ಟೂ, ಕಲ್ಲಿನೊಳಗೆ ಹೆಚ್ಚು ಕಾಲ ನಿಂತಷ್ಟೂ ಅದು ಜಾಸ್ತಿ ಸೇರುವ ಸಾಧ್ಯತೆ. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಶಾಶ್ವತ ಹಲ್ಲಿನ ಎನಾಮಲ್ ಕಟ್ಟುವುದು ಸುಮಾರು 8 ವರ್ಷದೊಳಗೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಗೆ ಇದು ಮುಖ್ಯ. ದೊಡ್ಡವರಿಗೂ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೆ ತೊಂದರೆ.

ಕುದಿಸಿದರೆ ಸರಿಹೋಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಕ್ಯಾಂಡಲ್ ಫಿಲ್ಟರ್‌ಗೂ ಇದು ಸಿಗುವುದಿಲ್ಲ. ಆರ್‌ಒ ಬೇಕು, ಇಲ್ಲವೇ ಮಳೆನೀರು. ಊರಿಗೆ ಹೋದ ಮೊದಲ ದಿನ ಬೀದಿಯಲ್ಲಿ ಆಡುತ್ತಿರುವ ಮಕ್ಕಳ ಜೊತೆ ಮಾತಾಡಿ. ಅವರು ನಕ್ಕಾಗ ಹಲ್ಲು ಕಾಣಿಸುತ್ತದೆ. ಆಮೇಲೆ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಡಿ. ಫ್ಲೋರೈಡ್, ನೈಟ್ರೇಟ್, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ), ಗಡಸುತನ, ಈ ನಾಲ್ಕು ಸಾಕು.

ಮಳೆನೀರಿನ ಲೆಕ್ಕ ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. 100 ಚದರ ಮೀಟರ್ ತಾರಸಿ ಅಂದುಕೊಳ್ಳಿ. 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಐದನೇ ಒಂದು ಪಾಲು ಹಾಳಾಯಿತು ಅಂದರೂ 48,000. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿಯಿರಿ. ವರ್ಷಕ್ಕೆ 14,600 ಆಯಿತು. ಅರ್ಧ ಮಳೆ ಬಿದ್ದ ವರ್ಷವೂ ಸಾಕಾಗುತ್ತದೆ. ನವೆಂಬರ್‌ನಿಂದ ಮೇವರೆಗೆ ಹನಿಯೂ ಬೀಳಲಿಲ್ಲ ಅಂದುಕೊಂಡರೂ 10,000 ಲೀಟರ್‌ನ ಮುಚ್ಚಿದ ಸಂಪು ಇದ್ದರೆ ನಡೆಯುತ್ತದೆ. ಮೊದಲ ಮಳೆ ಹೊರಗೆ ಬಿಡಿ, ತಾರಸಿ ತೊಳೆದಿರಲಿ, ಸಂಪಿನ ಬಾಯಿಗೆ ಮರಳು ಜಲ್ಲಿ ಫಿಲ್ಟರ್ ಇರಲಿ. ಬಟ್ಟೆ, ಸ್ನಾನಕ್ಕೆ ಬೋರ್ ನೀರು ಬಳಸಿ. ಹೀಗೆ ಎರಡು ಪೈಪ್ ಬೇರೆ ಬೇರೆ ಎಳೆಯುವುದು ಮನೆ ಕಟ್ಟುವಾಗ ಚಿಕ್ಕ ಖರ್ಚು, ಕಟ್ಟಿದ ಮೇಲೆ ಗೋಡೆ ಒಡೆಯಬೇಕು.

ಕೆರೆ, ನದಿ ನೀರು ಬರುವ ಊರು ಸಿಕ್ಕರೆ ಈ ತಾಪತ್ರಯ ಕಡಿಮೆ. ಚಿತ್ರದುರ್ಗ ನಗರಕ್ಕೆ ವಾಣಿವಿಲಾಸ ಸಾಗರದಿಂದಲೂ ಚನ್ನಗಿರಿ ತಾಲೂಕಿನ ಶಾಂತಿಸಾಗರದಿಂದಲೂ ನೀರು ಬರುತ್ತದೆ. ಹೊನ್ನಾಳಿ ತುಂಗಭದ್ರೆಯ ದಡದಲ್ಲೇ ಇದೆ. ಆದರೆ ಊರಿಗೆ ಬರುವ ಪೈಪು ನೀವು ನೋಡಿದ ಲೇಔಟಿಗೂ ಬರುತ್ತದೆ ಅಂತ ಅಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

ಇನ್ನು ಕರೆಂಟು. ಊರೊಳಗಿನ ಮನೆಗೂ ತೋಟದ ಮನೆಗೂ ಇಲ್ಲಿ ತುಂಬಾ ವ್ಯತ್ಯಾಸ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಆಯಿತು. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ 7 ಗಂಟೆ, ಅದೂ ಪಾಳಿ ಮೇಲೆ. ಊರಿನಿಂದ ಒಂದು ಕಿಲೋಮೀಟರ್ ಆಚೆ ತೋಟದ ನಡುವೆ ಮನೆ ಬೇಕು ಅನ್ನುವವರು ನಿಮ್ಮ ಮನೆಗೆ ಯಾವ ಲೈನ್ ಬರುತ್ತದೆ ಅಂತ ಲೈನ್‌ಮನ್‌ನನ್ನೇ ಕೇಳಿ. ಮೊಬೈಲ್ ಸಿಗ್ನಲ್ ನೋಡುವುದೂ ಕರೆಂಟ್ ಹೋದಾಗಲೇ. ಕರೆಂಟ್ ಹೋಗಿ ಒಂದು ಗಂಟೆ ಆದ ಮೇಲೆ ಟವರ್ ಬ್ಯಾಟರಿ ಹೇಗಿದೆ ಅಂತ ಗೊತ್ತಾಗುತ್ತದೆ. ಮನೆಯಿಂದ ಕೆಲಸ ಮಾಡುವವರು ಆಗ ಒಂದು ವಿಡಿಯೋ ಕಾಲ್ ಮಾಡಿ ನೋಡಲಿ.

ಆಸ್ಪತ್ರೆ ವಿಷಯದಲ್ಲಿ ನಮ್ಮ ಕಡೆ ಅದೃಷ್ಟ ಇದೆ. ದಾವಣಗೆರೆಯಲ್ಲಿ ಎರಡು ಖಾಸಗಿ ಮೆಡಿಕಲ್ ಕಾಲೇಜು, ಅವುಗಳ ದೊಡ್ಡ ಆಸ್ಪತ್ರೆಗಳು. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು. ಎರಡರ ನಡುವೆ ರಾಷ್ಟ್ರೀಯ ಹೆದ್ದಾರಿ 48, ಸುಮಾರು 60 ಕಿಲೋಮೀಟರ್. ಆದ್ದರಿಂದ ಹೆದ್ದಾರಿಗೆ ಎಷ್ಟು ಹತ್ತಿರ ಅನ್ನುವುದೇ ನಿಜವಾದ ಲೆಕ್ಕ. ಹಗಲು ಹೊತ್ತಿನಲ್ಲಿ ಗೂಗಲ್ ಮ್ಯಾಪ್ ತೋರಿಸುವ ನಿಮಿಷ ನಂಬಬೇಡಿ. ರಾತ್ರಿ ಹನ್ನೊಂದಕ್ಕೆ ನಿಮ್ಮ ಕಾರಿನಲ್ಲೇ ಆ ಊರಿನಿಂದ ದೊಡ್ಡ ಆಸ್ಪತ್ರೆ ಗೇಟಿನವರೆಗೆ ಒಮ್ಮೆ ಹೋಗಿ ಬನ್ನಿ. ಹೃದಯದ ತೊಂದರೆ ಇರುವ ಹಿರಿಯರಿದ್ದರೆ ಒಂದು ಗಂಟೆಗಿಂತ ಹೆಚ್ಚು ಆಗುವ ಊರನ್ನು ನಾನು ಬೇಡ ಅನ್ನುತ್ತೇನೆ, ಎಷ್ಟೇ ಚೆಂದ ಇರಲಿ. ಡಯಾಲಿಸಿಸ್ ಮಾಡಿಸುವವರಿದ್ದರೆ ಅರ್ಧ ಗಂಟೆ.

ರೈಲಿನ ಬಗ್ಗೆ ಒಂದೇ ಮಾತು. ಬೆಂಗಳೂರು–ಹುಬ್ಬಳ್ಳಿ ರೈಲುಗಳಿಗೆ ಚಿಕ್ಕಜಾಜೂರು ಜಂಕ್ಷನ್ ಅನುಕೂಲ. ಹೊಸದುರ್ಗ ರೋಡ್ ಅಂತ ಸ್ಟೇಷನ್ ಇದೆ. ಹೆಸರು ನೋಡಿ ಹೊಸದುರ್ಗದೊಳಗೇ ಇದೆ ಅಂದುಕೊಂಡು ರಾತ್ರಿ ಇಳಿಯಬೇಡಿ, ಊರು ದೂರ.

ಶಾಲೆಗೆ ಮಾತ್ರ ಏಪ್ರಿಲ್ ಕೊನೆ ಸರಿಯಲ್ಲ. ಅಷ್ಟು ಹೊತ್ತಿಗೆ ರಜೆ ಬಿದ್ದಿರುತ್ತದೆ. ಅದಕ್ಕೆ ಫೆಬ್ರವರಿಯಲ್ಲೇ ಒಂದು ಸಲ ಬೇರೆಯಾಗಿ ಬನ್ನಿ. ತಾಲೂಕು ಕೇಂದ್ರಗಳಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳು ಸಾಕಷ್ಟಿವೆ. ಸಿಬಿಎಸ್‌ಇ ಬೇಕು ಅಂದರೆ ಹೆಚ್ಚಾಗಿ ಚಿತ್ರದುರ್ಗ, ದಾವಣಗೆರೆ ನಗರಗಳ ಕಡೆಗೇ ಮುಖ ಮಾಡಬೇಕು. ಶಾಲೆಯ ಬಸ್ಸು ಬೆಳಗ್ಗೆ ಎಷ್ಟು ಗಂಟೆಗೆ ಹತ್ತಿಸಿಕೊಳ್ಳುತ್ತದೆ ಅಂತ ಕೇಳಿ. ಆರೂವರೆ ಅಂದರೆ ಆ ಮಗು ಬೆಂಗಳೂರಿನಲ್ಲಿದ್ದ ಹಾಗೆಯೇ ಆಯಿತು. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಮಧ್ಯದಲ್ಲಿ ಕಿತ್ತು ತರುವುದು ನನಗೆ ಅಷ್ಟು ಇಷ್ಟವಿಲ್ಲ. ಇದು ಎಂಜಿನಿಯರ್ ಮಾತಲ್ಲ, ಇಬ್ಬರು ಮಕ್ಕಳ ಅಪ್ಪನ ಮಾತು.

ಜಾಗಕ್ಕೆ ಬರೋಣ. ಬೆಟ್ಟದ ಬುಡದ ಸೈಟುಗಳಲ್ಲಿ ಮೂರು ಕಡೆ ನನ್ನ ಕಣ್ಣು ಹೋಗುತ್ತದೆ. ಒಂದು, ಎರಡಡಿಗೇ ಬಂಡೆ ಸಿಗುತ್ತಾ ಅಂತ. ಸಿಕ್ಕರೆ ಪಾಯ ಗಟ್ಟಿ. ಆದರೆ ಸಂಪು ತೋಡಲು ಬಂಡೆ ಒಡೆಸಬೇಕು, ಶೌಚಾಲಯದ ಗುಂಡಿಯ ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ಆ ನೀರು ಕೆಳಗಿನ ಮನೆಯ ಅಂಗಳದಲ್ಲಿ ಏಳುತ್ತದೆ. ಆಮೇಲೆ ಜಗಳ. ಇನ್ನೊಂದು, ಹಳ್ಳ. ಬಯಲುಸೀಮೆಯ ಹಳ್ಳ ವರ್ಷಗಟ್ಟಲೆ ಒಣಗಿದ್ದು ಒಂದು ರಾತ್ರಿ ತುಂಬಿ ಹರಿಯುತ್ತದೆ. ಮೋರಿಯ ಕಲ್ಲಿನ ಮೇಲೆ ಕಸಕಡ್ಡಿ ಸಿಕ್ಕಿಕೊಂಡ ಎತ್ತರ ನೋಡಿ, ಅದೇ ನಿಮ್ಮ ಅಳತೆ ಪಟ್ಟಿ. ಮತ್ತೊಂದು, ಕ್ರಷರ್ ಮತ್ತು ಗಣಿ. ಹೊಳಲ್ಕೆರೆ, ಹೊಸದುರ್ಗ ತಾಲೂಕುಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ. ಗಿಡದ ಎಲೆಗಳ ಮೇಲೆ ಕೆಂಪು ಧೂಳು ಕೂತಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ.

ಕಾಡಂಚು ಬೇಕು ಅನ್ನುವವರಿಗೆ ಎರಡು ಮಾತು. ಜೋಗಿಮಟ್ಟಿ ವನ್ಯಜೀವಿ ಧಾಮ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮ, ಇವುಗಳ ಸುತ್ತ ಕಟ್ಟಡಕ್ಕೆ ನಿರ್ಬಂಧ ಇರಬಹುದು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದೆ ಹೋಗಿ. ಕರಡಿ, ಚಿರತೆ ಇಲ್ಲಿ ಕಥೆಯಲ್ಲ. ಸಂಜೆ ಮೇಲೆ ಮಕ್ಕಳು ಅಂಗಳದಲ್ಲಿ ಆಡಬಹುದಾ ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ.

ಕಾಗದ ಪತ್ರಕ್ಕೆ ವಕೀಲರನ್ನೇ ಹಿಡಿಯಿರಿ, ನಾನು ಬರೀ ಮುಟ್ಟಿ ಹೋಗುತ್ತೇನೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಮನೆ ಕಟ್ಟಬಹುದು ಅಂತ ಅಲ್ಲ, ಭೂಪರಿವರ್ತನೆ ಬೇರೆ ವಿಷಯ. ಪಹಣಿಯಲ್ಲಿ ಜಮೀನು ಮಂಜೂರಾದದ್ದು ಅಂತಿದ್ದರೆ ನಿಲ್ಲಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಪಂಚಾಯಿತಿ ಸೈಟಿಗೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಅನುಮೋದನೆ ಇಲ್ಲದ ಸೈಟಿಗೆ ಕೊಡುವ 11ಬಿ ಮುಂದಿಟ್ಟರೆ ಯಾಕೆ ಅಂತ ಕೇಳಿ. ಸೈಟಿನ ಮೇಲೆ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಬರುತ್ತದೆ. ಮಾರುವವರು ಹೇಳಿದ ನಂಬರ್ ಅದೇನಾ, ಪಕ್ಕದ ಗೋಮಾಳವಾ ಅಂತ ಅಲ್ಲೇ ಗೊತ್ತಾಗುತ್ತದೆ. ಕೊಳ್ಳುವ ಮುಂಚೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಗುರುತು, ಮಾಡಿಸಿ.

ಇಷ್ಟೆಲ್ಲ ನೋಡಿ ಮನಸ್ಸಾದರೂ ನಾನು ಕೊಳ್ಳಲು ಬಿಡುವುದಿಲ್ಲ. ಒಂದು ವರ್ಷ ಬಾಡಿಗೆಗೆ ಇರಿ ಅನ್ನುತ್ತೇನೆ, ಬೇಸಿಗೆಯಿಂದ ಬೇಸಿಗೆಗೆ. ಬೆಂಗಳೂರಿನ ಮನೆ ಅಷ್ಟರಲ್ಲಿ ಮಾರಬೇಡಿ. ಹಳೆಯ ಮಾಳಿಗೆ ಮನೆ ಸಿಕ್ಕರೆ ಬಿಡಬೇಡಿ, ಮಣ್ಣಿನ ಮಾಳಿಗೆ ಕೆಳಗೆ ಬೇಸಿಗೆ ಅರ್ಧಕ್ಕರ್ಧ ಕಡಿಮೆ ಅನಿಸುತ್ತದೆ. ಮಳೆಗೆ ಮುಂಚೆ ಮೇಲಕ್ಕೆ ಮಣ್ಣು ಹಾಕಿಸುವ ಕೆಲಸ ಯಾರದು ಅನ್ನುವುದನ್ನು ಮಾತ್ರ ಓನರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಬಾಡಿಗೆ ಮನೆಗೆ ಸಣ್ಣ ಊರುಗಳಲ್ಲಿ ಬೋರ್ಡ್ ಹಾಕುವುದಿಲ್ಲ. ಮೇ, ಜೂನ್‌ನಲ್ಲಿ ಮೇಷ್ಟ್ರುಗಳ, ಬ್ಯಾಂಕಿನವರ ವರ್ಗಾವಣೆ ಆದಾಗ ಒಳ್ಳೆಯ ಮನೆಗಳು ಖಾಲಿಯಾಗುತ್ತವೆ. ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿನವರನ್ನು ಕೇಳಿ. ಯಾವ ಮನೆ ಖಾಲಿ ಇದೆ ಅನ್ನುವುದೂ, ಆ ಬೀದಿಗೆ ನೀರು ಎಷ್ಟು ದಿನಕ್ಕೊಮ್ಮೆ ಅನ್ನುವುದೂ ಅವರಿಗೆ ಗೊತ್ತಿರುತ್ತದೆ.