ಹಂಚಿಗೊಂದು, ಗೊಮ್ಮಟನಿಗೊಂದು: ಬೆಳಕಿನಿಂದ ಆಕಾರ ಅಳೆಯುವ ದಾರಿಗಳು

ಮೇಲ್ಮೈ ಅಳೆಯುವ ವಿಧಾನಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ನೋಡುವುದು ಎಷ್ಟು ಮೈಕ್ರಾನ್ ನಿಖರತೆ ಎಂಬುದನ್ನು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಮೇಲ್ಮೈ ಬೆಳಕನ್ನು ಸುತ್ತಲೂ ಚೆಲ್ಲುತ್ತದೆಯೋ, ಕನ್ನಡಿಯಂತೆ ಒಂದೇ ಕಡೆಗೆ ತಿರುಗಿಸುತ್ತದೆಯೋ?

ಮಂಗಳೂರು ಹಂಚನ್ನೇ ತೆಗೆದುಕೊಳ್ಳಿ. ಒಣ ಹಂಚು ಬೆಳಕನ್ನು ಚೆನ್ನಾಗಿ ಚೆಲ್ಲುತ್ತದೆ. ಅದು ಎಲ್ಲಿ ಸೊಟ್ಟಗಾಗಿದೆ ಎಂದು ತಿಳಿಯಲು ಫ್ರಿಂಜ್ ಪ್ರೊಜೆಕ್ಷನ್ ಒಳ್ಳೆಯದು. ಪ್ರೊಜೆಕ್ಟರ್ ಪಟ್ಟೆಗಳನ್ನು ಬೀಳಿಸುತ್ತದೆ, ಕ್ಯಾಮೆರಾ ಬೇರೆ ಕೋನದಿಂದ ನೋಡುತ್ತದೆ. ಎತ್ತರ ಬದಲಾದ ಕಡೆ ಪಟ್ಟೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಪಟ್ಟೆಯ ಬೆಳಕು ಸೈನ್ ಅಲೆಯಂತೆ ಏರಿಳಿಯುತ್ತದೆ. ಅದನ್ನು 90 ಡಿಗ್ರಿಯಂತೆ ಸರಿಸುತ್ತಾ 4 ಚಿತ್ರ ತೆಗೆಯುತ್ತಾರೆ. ಏಕೆ 4? ಪ್ರತಿ ಪಿಕ್ಸೆಲ್‌ನಲ್ಲಿ ನಮಗೆ ಗೊತ್ತಿಲ್ಲದ್ದು ಮೂರು: ಹಿನ್ನೆಲೆಯ ಬೆಳಕು, ಏರಿಳಿತದ ಪ್ರಮಾಣ, ಫೇಸ್ (ಆ ಜಾಗ ಅಲೆಯ ಯಾವ ಹಂತದಲ್ಲಿದೆ ಎಂದು ಹೇಳುವ ಕೋನ). ಹಾಗಾಗಿ 3 ಚಿತ್ರವೂ ಸಾಕು, 4 ಇದ್ದರೆ ಲೆಕ್ಕ ಸಲೀಸು. ನಾಲ್ಕನೆಯದರಿಂದ ಎರಡನೆಯದನ್ನು ಕಳೆಯಿರಿ, ಮೊದಲನೆಯದರಿಂದ ಮೂರನೆಯದನ್ನು ಕಳೆಯಿರಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ಹಿನ್ನೆಲೆಯೂ ಹಂಚಿನ ಬಣ್ಣವೂ ಹೊರಟುಹೋಗಿ ಫೇಸ್‌ನ ಟ್ಯಾನ್ (ತ್ರಿಕೋನಮಿತಿಯ ಟ್ಯಾಂಜೆಂಟ್) ಮಾತ್ರ ಉಳಿಯುತ್ತದೆ. ಚೆಂದ ಇದೆ ಅಲ್ವಾ? ಆದರೆ ಫೇಸ್ 360 ಡಿಗ್ರಿಗೊಮ್ಮೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದು ಎಷ್ಟನೆಯ ಪಟ್ಟೆ ಎಂದು ಬೇರೆಯಾಗಿ ಪತ್ತೆ ಹಚ್ಚಬೇಕು. ನೆರಳು ಬಿದ್ದ ತೋಡಿನಲ್ಲಿ ಅಳತೆಯೇ ಸಿಗುವುದಿಲ್ಲ. ಮಳೆಗೆ ನೆನೆದ ಹಂಚು ಮಿನುಗುತ್ತದೆ, ಒಣಗಿಸಿಯೇ ಅಳೆಯಿರಿ.

ಕಾರ್ಕಳದ ಗೊಮ್ಮಟ 1432ರದ್ದು, ಸುಮಾರು 42 ಅಡಿ ಎತ್ತರ. ಬಿಸಿಲಲ್ಲಿ ಪ್ರೊಜೆಕ್ಟರ್ ಪಟ್ಟೆ ಕಾಣುವುದೇ ಇಲ್ಲ. ಅಲ್ಲಿ ಫೋಟೋಗ್ರಾಮೆಟ್ರಿ ಬೇಕು: ಸುತ್ತಲಿಂದ ಜಾಸ್ತಿ ಫೋಟೋ ತೆಗೆದು, ಒಂದೇ ಗುರುತು ಬೇರೆ ಬೇರೆ ಫೋಟೋಗಳಲ್ಲಿ ಎಲ್ಲಿದೆ ಎಂದು ಹೊಂದಿಸುವುದು. ಕಲ್ಲಿನ ಕಲೆಗಳೇ ಇಲ್ಲಿ ಗುರುತು. ಗೊತ್ತಿರುವ ಉದ್ದದ ಒಂದು ಅಳತೆಗೋಲು ಚೌಕಟ್ಟಿನೊಳಗೆ ಇರಲೇಬೇಕು. ಇಲ್ಲದಿದ್ದರೆ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ.

ಬಾರ್ಕೂರಿನಂಥ ಕಡೆ ಸವೆದ ಶಾಸನ ಓದಬೇಕಾದರೆ ಫೋಟೋಮೆಟ್ರಿಕ್ ಸ್ಟೀರಿಯೊ ನನಗೆ ಇಷ್ಟ. ಕ್ಯಾಮೆರಾ ಕದಲುವುದಿಲ್ಲ, ದೀಪದ ದಿಕ್ಕು ಮಾತ್ರ ಬದಲಾಗುತ್ತದೆ. ಕನಿಷ್ಠ 3 ದಿಕ್ಕು ಬೇಕು. ಇದು ಅಳೆಯುವುದು ಇಳಿಜಾರನ್ನು, ಎತ್ತರವನ್ನಲ್ಲ. ಆಳವಿಲ್ಲದ ಅಕ್ಷರವೂ ಎದ್ದು ಕಾಣುತ್ತದೆ. ಆದರೆ ಎತ್ತರ ಪಡೆಯಲು ಇಳಿಜಾರುಗಳನ್ನು ಕೂಡಿಸುತ್ತಾ ಹೋದಂತೆ ತಪ್ಪೂ ಬೆಳೆಯುತ್ತದೆ. ಕಲ್ಲು ಒಟ್ಟಾರೆ ಎಷ್ಟು ಬಾಗಿದೆ ಎಂದು ಹೇಳಲು ಇದನ್ನು ನಂಬಬೇಡಿ.

ಪಾಲಿಶ್ ಮಾಡಿದ ಲೋಹಕ್ಕೆ ಇವು ಯಾವುವೂ ಸರಿಹೊಂದುವುದಿಲ್ಲ. ಅಲ್ಲಿ ಇಂಟರ್‌ಫೆರೋಮೀಟರ್ ಬೇಕು: ಬೆಳಕನ್ನು ಎರಡು ದಾರಿಗೆ ಒಡೆದು, ಒಂದನ್ನು ಮೇಲ್ಮೈಗೂ ಇನ್ನೊಂದನ್ನು ಹೋಲಿಕೆಯ ಕನ್ನಡಿಗೂ ಕಳಿಸಿ, ಮತ್ತೆ ಸೇರಿಸಿದಾಗ ಮೂಡುವ ಪಟ್ಟೆಗಳನ್ನು ನೋಡುವ ಸಾಧನ. 633 ನ್ಯಾನೋಮೀಟರ್ ಲೇಸರ್‌ನಲ್ಲಿ ಒಂದು ಪಟ್ಟೆ ಎಂದರೆ ಸುಮಾರು 316 ನ್ಯಾನೋಮೀಟರ್ ಎತ್ತರ. ಥಟ್ಟನೆ ಏರುವ ಮೆಟ್ಟಿಲಿದ್ದರೆ ಲೆಕ್ಕ ತಪ್ಪುತ್ತದೆ, ಆಗ ಬಿಳಿ ಬೆಳಕು ಬಳಸುತ್ತಾರೆ. ಅದರಲ್ಲಿ ಎರಡೂ ದಾರಿ ಸಮವಾದ ಕಡೆ ಮಾತ್ರ ಪಟ್ಟೆ ಸ್ಪಷ್ಟವಾಗುವುದರಿಂದ ಎತ್ತರದ ಗೊಂದಲ ಇರುವುದಿಲ್ಲ. ನುಣುಪಾದ, ಕಡಿದಾದ ಇಳಿಜಾರಿನಲ್ಲಿ ಮಾತ್ರ ಬೆಳಕು ಲೆನ್ಸಿಗೆ ವಾಪಸ್ ಬರುವುದಿಲ್ಲ, ಆ ಪಿಕ್ಸೆಲ್‌ಗಳು ಖಾಲಿ ಉಳಿಯುತ್ತವೆ.